ಕ್ಷೌರದ ಕತ್ತಿಯನ್ನು ಮನೆಯಲ್ಲಿ ಮಸೆಯುವವರಿಗೆ ಕೆಲವು ಮಾತುಗಳು



ಕುಟುಂಬ ಕಲ್ಯಾಣದ ಸಭೆಯಲ್ಲಿ ಕ್ಷೌರದ ಕತ್ತಿಯ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ತೋರಬಹುದು. ಗರ್ಭಿಣಿಯ ಆರೈಕೆ, ಮಗುವಿನ ಚುಚ್ಚುಮದ್ದು, ಮಕ್ಕಳ ನಡುವಣ ಅಂತರ ಇವುಗಳನ್ನು ಕುರಿತು ಕೇಳಲೆಂದು ನೀವು ಬಂದಿದ್ದೀರಿ. ಆದರೆ ಈ ದಿನದ ವಿಷಯವನ್ನು ಆರಿಸಿದವನು ನಾನಲ್ಲ. ನಿಮ್ಮಂಥ ದಂಪತಿಗಳೇ ಅದನ್ನು ಆರಿಸಿಕೊಟ್ಟರು. ಶಿಡ್ಲಘಟ್ಟದ ಕಡೆಯ ಒಂದು ಹಳ್ಳಿಯಲ್ಲಿ ಸಭೆ ಮುಗಿದ ಬಳಿಕ ರೇಷ್ಮೆ ಬೆಳೆಗಾರರೊಬ್ಬರು ಬಟ್ಟೆಯಲ್ಲಿ ಸುತ್ತಿದ್ದ ವಸ್ತುವೊಂದನ್ನು ಬಿಚ್ಚಿ ತೋರಿಸಿದರು. ಅದು ಅವರ ತಾತನ ಕಾಲದ ಮಡಿಚುವ ಕ್ಷೌರದ ಕತ್ತಿ. “ಸ್ವಾಮಿ, ಉಕ್ಕು ಬಹಳ ಒಳ್ಳೆಯದು, ಬಾಯಿ ಮಾತ್ರ ಮೊಂಡಾಗಿದೆ. ಮನೆಯಲ್ಲೇ ಮಸೆದುಕೊಳ್ಳಬೇಕಾದರೆ ಯಾವ ಕಲ್ಲು ತರಲಿ?” ಎಂದು ಕೇಳಿದರು. ಅವರ ಹಿಂದೆ ನಿಂತಿದ್ದ ಅವರ ಹೆಂಡತಿ ಏಳು ತಿಂಗಳ ಗರ್ಭಿಣಿ. ಆಕೆ ತುಸು ಸಂಕೋಚದಿಂದ, “ಅಣ್ಣಾ, ದೊಡ್ಡ ಮಗುವಿಗೆ ಮುಡಿ ತೆಗೆಸುವುದಿದೆ. ಇದು ಹರಿತವಾದ ಮೇಲೆ ಇದನ್ನೇ ತೆಗೆದುಕೊಂಡು ಹೋಗಬಹುದೇ?” ಎಂದರು.

ಗಂಡನ ಪ್ರಶ್ನೆ ಕಲ್ಲನ್ನು ಕುರಿತದ್ದು, ಹೆಂಡತಿಯ ಪ್ರಶ್ನೆ ಮಗುವನ್ನು ಕುರಿತದ್ದು. ಆ ದಿನ ಹೊತ್ತಾಗಿದ್ದುದರಿಂದ ಎರಡಕ್ಕೂ ನಾನು ಪೂರ್ಣವಾದ ಉತ್ತರ ಹೇಳಲಾಗಲಿಲ್ಲ. ಆ ಉತ್ತರವನ್ನು ಇಂದು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕೂ ತಾಲ್ಲೂಕುಗಳ ದಂಪತಿಗಳ ಮುಂದೆ ಇಡುತ್ತಿದ್ದೇನೆ.

ಮೊದಲು ಕತ್ತಿಯನ್ನು ಚೆನ್ನಾಗಿ ನೋಡಬೇಕು. ಕ್ಷೌರದ ಕತ್ತಿಯು ಕುಡುಗೋಲಿನಂತೆಯೋ ಈಳಿಗೆಮಣೆಯಂತೆಯೋ ಇರುವ ವಸ್ತುವಲ್ಲ. ಅದರ ಬೆನ್ನು ದಪ್ಪ, ಬಾಯಿ ಅತಿ ತೆಳುವು. ಇವೆರಡರ ನಡುವೆ ಅಲಗಿನ ಎರಡು ಮಗ್ಗುಲುಗಳನ್ನೂ ಒಳಕ್ಕೆ ತಗ್ಗಾಗುವಂತೆ ಕಡೆದಿರುತ್ತಾರೆ. ಆದುದರಿಂದ ಕತ್ತಿಯನ್ನು ಸಮವಾದ ಕಲ್ಲಿನ ಮೇಲೆ ಮಲಗಿಸಿದಾಗ ಬೆನ್ನೂ ಬಾಯೂ ಒಟ್ಟಿಗೆ ಕಲ್ಲನ್ನು ಮುಟ್ಟುತ್ತವೆ, ನಡುಭಾಗ ಮುಟ್ಟುವುದಿಲ್ಲ. ಎಷ್ಟು ಓರೆಯಾಗಿ ಹಿಡಿಯಬೇಕೆಂಬುದನ್ನು ಕತ್ತಿಯ ಬೆನ್ನೇ ನಿಶ್ಚಯಿಸಿಕೊಡುತ್ತದೆ. ಕುಡುಗೋಲು ಮಸೆಯುವವನು ಕೈಯ ಅಭ್ಯಾಸದಿಂದ ಓರೆಯನ್ನು ಊಹಿಸಬೇಕು. ಕ್ಷೌರದ ಕತ್ತಿ ಮಸೆಯುವವನಿಗೆ ಆ ಕಷ್ಟವಿಲ್ಲ. ಆದರೆ ಒಂದು ನಿಬಂಧನೆಯುಂಟು: ಕಲ್ಲು ಕನ್ನಡಿಯಂತೆ ಸಮವಾಗಿರಬೇಕು. ನಡುವೆ ಸವೆದು ಹಳ್ಳವಾದ ಕಲ್ಲಿನ ಮೇಲೆ ಎಂಥ ಉತ್ತಮ ಕತ್ತಿಯೂ ಕೆಡುತ್ತದೆ.

ಮೊಂಡಾದ ಕತ್ತಿಯಿಂದ ಅಪಾಯ ಕಡಿಮೆ ಎಂದು ಕೆಲವರು ನಂಬಿದ್ದಾರೆ. ನಿಜಸ್ಥಿತಿ ಇದಕ್ಕೆ ವಿರುದ್ಧ. ಹರಿತವಾದ ಬಾಯಿ ಕೂದಲನ್ನು ಕತ್ತರಿಸಿ ಮುಂದೆ ಹೋಗುತ್ತದೆ. ಮೊಂಡು ಬಾಯಿ ಕೂದಲನ್ನು ಎಳೆಯುತ್ತದೆ, ಕೈ ಒತ್ತಡ ಹೆಚ್ಚಿಸುತ್ತದೆ, ಚರ್ಮ ಕೆರೆದುಹೋಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಗಾಯಗಳು ಹತ್ತಾರು ಆಗುತ್ತವೆ. ರೋಗಾಣುಗಳಿಗೆ ಅಷ್ಟು ಬಾಗಿಲು ಸಾಕು.

ಇನ್ನು ಕಲ್ಲಿನ ವಿಷಯ. ನಮ್ಮ ಸೀಮೆಯಲ್ಲಿ ಮಳೆಗೆ ಬಡತನವುಂಟು, ಕಲ್ಲಿಗಿಲ್ಲ. ನಂದಿಬೆಟ್ಟ, ಕೈವಾರದ ಬೆಟ್ಟ, ಅಂಬಾಜಿದುರ್ಗ ಎಲ್ಲವೂ ಗ್ರಾನೈಟ್ ಬಂಡೆಗಳೇ. ಮನೆಯ ಹೊಸ್ತಿಲು, ಜಗಲಿ, ಬಾವಿಕಟ್ಟೆ ಎಲ್ಲಕ್ಕೂ ಅದೇ ಕಲ್ಲು. ಕುಡುಗೋಲು, ಮಚ್ಚುಗಳನ್ನು ಜಗಲಿಯ ಅಂಚಿಗೆ ನೀರು ಚಿಮುಕಿಸಿ ಮಸೆಯುವುದು ತಲೆತಲಾಂತರದಿಂದ ಬಂದ ರೂಢಿ. ನನ್ನ ತಂದೆಯವರು ಕ್ಷೌರದ ಕತ್ತಿಯನ್ನೂ ಹಾಗೆಯೇ ಮಸೆಯುತ್ತಿದ್ದರು, ವಾರವಾರವೂ ಗಲ್ಲದ ಮೇಲೆ ರಕ್ತ ಒರೆಸಿಕೊಳ್ಳುತ್ತಿದ್ದರು. ಕಾರಣ ಇಷ್ಟೆ. ಗ್ರಾನೈಟು ಒಂದೇ ಬಗೆಯ ಕಣಗಳಿಂದಾದ ಕಲ್ಲಲ್ಲ. ಅದರಲ್ಲಿ ಗಟ್ಟಿಯಾದ ಬೆಣಚಿನ ಹರಳುಗಳೂ ಅದಕ್ಕಿಂತ ಮೆದುವಾದ ಬೇರೆ ಖನಿಜಗಳ ಹರಳುಗಳೂ ಬರಿಗಣ್ಣಿಗೆ ಕಾಣುವಷ್ಟು ದಪ್ಪವಾಗಿ ಬೆರೆತಿರುತ್ತವೆ. ಹುಲ್ಲು ಕೊಯ್ಯುವ ಕುಡುಗೋಲಿಗೆ ಆ ಒರಟು ಗರಗಸದಂಥ ಬಾಯಿ ಒಳ್ಳೆಯದೇ. ಕ್ಷೌರದ ಕತ್ತಿಯ ಬಾಯಿಯನ್ನಾದರೋ ಅದು ಮುಕ್ಕು ಮುಕ್ಕಾಗಿಸುತ್ತದೆ.

ಮನೆಯ ನೆಲಕ್ಕೆ ಹಾಸುವ ಕಡಪ ಕಲ್ಲು ನಯವಾಗಿದೆಯಲ್ಲ ಎಂದು ಕೇಳಬಹುದು. ಅದು ಸುಣ್ಣದ ಅಂಶದ ಕಲ್ಲು, ಉಕ್ಕಿಗಿಂತ ಮೆದು. ಕತ್ತಿ ಅದನ್ನು ಸವೆಸುವುದೇ ಹೊರತು ಅದು ಕತ್ತಿಯನ್ನು ಸವೆಸುವುದಿಲ್ಲ. ಆದರೆ ಅದರಿಂದ ಇನ್ನೊಂದು ಉಪಯೋಗವಿದೆ, ಮುಂದೆ ಹೇಳುತ್ತೇನೆ.

ಪೇಟೆಯ ಕಬ್ಬಿಣದ ಸಾಮಾನಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಒಂದು ಕಡೆ ಒರಟು, ಇನ್ನೊಂದು ಕಡೆ ನಯವಿರುವ ಬೂದು ಬಣ್ಣದ ಕಾರ್ಬೊರಂಡಂ ಕಲ್ಲು. ಈ ಪದಾರ್ಥವನ್ನು ಅಮೆರಿಕದ ಎಡ್ವರ್ಡ್ ಅಚೆಸನ್ ಎಂಬವರು 1891ರಲ್ಲಿ ವಿದ್ಯುತ್ ಕುಲುಮೆಯಲ್ಲಿ ತಯಾರಿಸಿದರು. ಉಕ್ಕನ್ನು ಬೇಗ ತಿನ್ನುವ ಗುಣ ಇದಕ್ಕುಂಟು. ಅಡುಗೆಮನೆಯ ಚಾಕು, ಈಳಿಗೆ, ಹಿಪ್ಪುನೇರಳೆ ಸೊಪ್ಪು ಕತ್ತರಿಸುವ ಕತ್ತಿ ಇವಕ್ಕೆಲ್ಲ ಇದು ಯೋಗ್ಯವಾದುದೇ. ಆದರೆ ಕ್ಷೌರದ ಕತ್ತಿಗೆ ಇದರ ನಯವಾದ ಮುಖವೂ ಒರಟೇ. ಕಲ್ಲಿನ ಕಣ ಎಷ್ಟು ಸಣ್ಣದೆಂಬುದನ್ನು ಅಂಕಿಯಿಂದ ಗುರುತಿಸುತ್ತಾರೆ. ಅಂಕಿ ದೊಡ್ಡದಾದಷ್ಟೂ ಕಣ ಸಣ್ಣದು. ಸಾಮಾನ್ಯ ಅಂಗಡಿಯ ಕಲ್ಲು 400ರ ಆಚೆಗೆ ಹೋಗುವುದು ಅಪರೂಪ. ಕ್ಷೌರದ ಕತ್ತಿಯ ಕೆಲಸ ಪ್ರಾರಂಭವಾಗುವುದೇ 1000ದಿಂದ, ಮುಗಿಯುವುದು 8000ದ ಆಸುಪಾಸಿನಲ್ಲಿ.

ಹಾಗೆಂದು ಮೂರು ನಾಲ್ಕು ಕಲ್ಲುಗಳನ್ನು ಕೊಂಡು ಹಣ ಕಳೆಯಬೇಡಿರಿ. 1000 ಅಂಕಿಯ ಕಲ್ಲು ಬೇಕಾಗುವುದು ಬಾಯಿ ಮುಕ್ಕಾಗಿದ್ದಾಗ, ಇಲ್ಲವೆ ತುಕ್ಕು ತಿಂದಿದ್ದಾಗ ಮಾತ್ರ. ಅಂಥ ಕೆಲಸ ಒಂದು ಸಲದ್ದು. ಅದನ್ನು ಬಲ್ಲ ಹಿರಿಯ ಕ್ಷೌರಿಕರ ಕೈಗೆ ಕೊಟ್ಟು ಮಾಡಿಸಿಕೊಳ್ಳುವುದೇ ಜಾಣತನ. ಬಾಯಿ ನೆಟ್ಟಗಿದ್ದು ಮೊಂಡಾಗಿರುವ ಕತ್ತಿಗೆ ಒಂದು ಮುಖ 4000, ಇನ್ನೊಂದು ಮುಖ 8000 ಇರುವ ಒಂದೇ ಕಲ್ಲು ಸಾಕು. ನಮ್ಮ ತಾಲ್ಲೂಕು ಪೇಟೆಗಳಲ್ಲಿ ಇದು ದೊರೆಯದಿದ್ದರೆ ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಉಪಕರಣದ ಅಂಗಡಿಗಳಲ್ಲಿ ವಿಚಾರಿಸಬಹುದು. ಕಲ್ಲಿನ ಉದ್ದ ಒಂದು ಗೇಣು, ಅಗಲ ಕತ್ತಿಯ ಅಲಗಿನಷ್ಟು ಇದ್ದರೆ ಕೈಗೆ ಅನುಕೂಲ.

ಈ ಕಲ್ಲಿನ ಬೆಲೆ ಕೇಳಿದಾಗ ನಿಮಗೆ ಆಶ್ಚರ್ಯವಾಗಬಹುದು. ಅದೇ ಹಣಕ್ಕೆ ಬಹಳ ಕಾಲಕ್ಕಾಗುವಷ್ಟು ಬ್ಲೇಡುಗಳು ಬರುತ್ತವೆ ಎಂಬ ಲೆಕ್ಕವನ್ನು ನಾನು ಮುಚ್ಚಿಡುವುದಿಲ್ಲ. ತಾತನ ಕತ್ತಿ ಮನೆಯಲ್ಲಿಲ್ಲದವರು ಹೊಸದಾಗಿ ಕತ್ತಿಯನ್ನೂ ಕಲ್ಲನ್ನೂ ಕೊಳ್ಳುವ ಅವಶ್ಯಕತೆ ನನಗೆ ಕಾಣುವುದಿಲ್ಲ. ಬ್ಲೇಡು ಹಾಕುವ ರೇಜರು ಅವರಿಗೆ ಸಾಕು. ಆದರೆ ಹಿರಿಯರ ವಸ್ತುವಿನ ಮೇಲೆ ಅಭಿಮಾನವಿರುವವರನ್ನು ಅದನ್ನು ಎಸೆಯಿರಿ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಇಟ್ಟುಕೊಳ್ಳುವುದಾದರೆ ಸರಿಯಾಗಿ ಇಟ್ಟುಕೊಳ್ಳಲಿ.

ಊರೂರು ಸುತ್ತಿ ಚಕ್ರದಲ್ಲಿ ಸಾಣೆ ಹಿಡಿಯುವವರ ಕೈಗೆ ಈ ಕತ್ತಿಯನ್ನು ಕೊಡಕೂಡದು. ಚಾಕು ಕತ್ತರಿಗಳಿಗೆ ಅವರ ಚಕ್ರ ಸರಿ. ಕ್ಷೌರದ ಕತ್ತಿಯ ತೆಳುವಾದ ಬಾಯಿ ಚಕ್ರದ ಬಿಸಿಗೆ ಕ್ಷಣದಲ್ಲಿ ನೀಲಿಗಟ್ಟಿ ಹದ ಕಳೆದುಕೊಳ್ಳುತ್ತದೆ. ಹದ ಹೋದ ಉಕ್ಕು ಎಷ್ಟು ಮಸೆದರೂ ಹರಿತವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ.

ಹೊಸ ಕಲ್ಲೂ ಪೂರ್ಣ ಸಮವಾಗಿರುವುದಿಲ್ಲ, ಬಳಸುತ್ತ ಮತ್ತಷ್ಟು ಸವೆಯುತ್ತದೆ. ಈಗ ಕಡಪ ಕಲ್ಲಿನ ಉಪಯೋಗ ಹೇಳುತ್ತೇನೆ. ನೀರಿನಲ್ಲಿ ಬಳಸುವ ಕಪ್ಪು ಉಪ್ಪುಕಾಗದವೊಂದನ್ನು ಒದ್ದೆ ಮಾಡಿ ನಯವಾದ ಕಡಪ ಚಪ್ಪಡಿಯ ಮೇಲೋ ದಪ್ಪ ಗಾಜಿನ ಮೇಲೋ ಹಾಸಿರಿ. ಮಸೆಗಲ್ಲಿನ ಮುಖದ ಮೇಲೆ ಸೀಸದ ಕಡ್ಡಿಯಿಂದ ಅಡ್ಡಲಾಗಿ ಉದ್ದವಾಗಿ ಗೆರೆಗಳನ್ನು ಎಳೆದು, ಆ ಮುಖವನ್ನು ಕಾಗದಕ್ಕೆ ತಿಕ್ಕಿರಿ. ಉಬ್ಬಿರುವ ಕಡೆ ಗೆರೆ ಮೊದಲು ಅಳಿಯುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ಎಲ್ಲ ಗೆರೆಗಳೂ ಅಳಿಸಿಹೋದಾಗ ಕಲ್ಲು ಸಮವಾಯಿತೆಂದು ತಿಳಿಯಬೇಕು. ಬಳಿಕ ಒರಟು ಕಣವೊಂದೂ ಉಳಿಯದಂತೆ ಕಲ್ಲನ್ನು ನೀರಿನಲ್ಲಿ ತೊಳೆಯಬೇಕು.

ಮಸೆಯುವಾಗ ಕಲ್ಲಿನ ಮೇಲೆ ಶುದ್ಧವಾದ ನೀರು ನಿಂತಿರಲಿ. ಎಂಜಲು ಉಗಿದು ಮಸೆಯುವ ಅಭ್ಯಾಸ ಹಲವು ಕಡೆ ಇದೆ, ಅದನ್ನು ಬಿಡಬೇಕು. ಕತ್ತಿಯ ಬಾಯಿ ಮುಂದಾಗಿ, ತೆಳುವಾದ ಪದರವೊಂದನ್ನು ಕಲ್ಲಿನಿಂದ ಎಬ್ಬಿಸುವವರಂತೆ ತಳ್ಳಬೇಕು. ಕಲ್ಲಿನ ಕೊನೆಗೆ ಬಂದಾಗ ಬೆನ್ನಿನ ಮೇಲೆ ಮಗುಚಿ ಹಿಂದಕ್ಕೆ ತರಬೇಕು. ಕತ್ತಿಯ ತೂಕವೇ ಸಾಕು, ಕೈಯ ಭಾರ ಬೇಡ.

ಇಲ್ಲಿ ಮಹಿಳೆಯರಿಗೆ ಒಂದು ಮಾತು. ನಮ್ಮ ಭಾಷೆಯಲ್ಲಿ ಗಂಧ ತೇಯುವ ಕಲ್ಲಿಗೂ ಸಾಣೆಕಲ್ಲೆಂದೇ ಹೆಸರು, ಕತ್ತಿ ಮಸೆಯುವ ಕಲ್ಲಿಗೂ ಸಾಣೆಕಲ್ಲೆಂದೇ ಹೆಸರು. ಹೆಸರು ಒಂದಾದ ಮಾತ್ರಕ್ಕೆ ಕಲ್ಲು ಒಂದಾಗಕೂಡದು. ದೇವರ ಮನೆಯ ಕಲ್ಲು ನುಣುಪಾಗಿದೆಯೆಂದು ಗಂಡಸರು ಅದರ ಮೇಲೆ ಕತ್ತಿಯನ್ನು ಎಳೆದು ಮತ್ತೆ ಇದ್ದಲ್ಲೇ ಇಟ್ಟುಬಿಡುವುದನ್ನು ನಾನು ಕಂಡಿದ್ದೇನೆ. ಆ ಗಂಧವೇ ಮರುದಿನ ಮಗುವಿನ ಬೋಳುತಲೆಗೆ ಬರುತ್ತದೆ.

ಕಲ್ಲಿನ ನಂತರ ಚರ್ಮದ ಪಟ್ಟಿ. ಕಲ್ಲಿನ ಕೆಲಸ ಕೆಲವು ತಿಂಗಳಿಗೊಮ್ಮೆ. ಪಟ್ಟಿಯ ಕೆಲಸ ಪ್ರತಿ ಕ್ಷೌರಕ್ಕೂ ಮೊದಲು. ಎರಡು ಅಂಗುಲಕ್ಕೆ ಕಡಿಮೆಯಿಲ್ಲದ ಅಗಲ, ಒಂದು ಮೊಳದಷ್ಟು ಉದ್ದ, ಹೊಲಿಗೆಯಾಗಲಿ ಗುಂಡಿಯಾಗಲಿ ಇಲ್ಲದ ನುಣುಪಾದ ನಿಜವಾದ ಚರ್ಮ ಬೇಕು. ರೆಕ್ಸಿನ್ ಬೆಲ್ಟು ಪ್ರಯೋಜನವಿಲ್ಲ. ಹಿಂಬದಿಗೆ ದಪ್ಪ ಹತ್ತಿಯ ಬಟ್ಟೆಯ ಪಟ್ಟಿ ಇದ್ದರೆ ಮೊದಲು ಅದರ ಮೇಲೆ, ಆಮೇಲೆ ಚರ್ಮದ ಮೇಲೆ ಎಳೆಯಬಹುದು. ಕಂಬದ ಗೂಟಕ್ಕೆ ಒಂದು ತುದಿಯನ್ನು ಸಿಕ್ಕಿಸಿ, ಇನ್ನೊಂದನ್ನು ಬಿಗಿಯಾಗಿ ಹಿಡಿದು, ಈ ಸಲ ಬೆನ್ನು ಮುಂದಾಗಿ ಕತ್ತಿಯನ್ನು ಎಳೆಯಬೇಕು. ಬಾಯಿ ಮುಂದಾದರೆ ಚರ್ಮ ಕತ್ತರಿಸಿಹೋಗುತ್ತದೆ. ಇಪ್ಪತ್ತು ಮೂವತ್ತು ಸಲ ಎಳೆದರೆ ಸಾಕು. ಇಟ್ಟಿಗೆಯ ಪುಡಿ, ಬೂದಿಗಳನ್ನು ಪಟ್ಟಿಗೆ ಬಳಿಯಬಾರದು. ಹರಿತವನ್ನು ಹೆಬ್ಬೆರಳಿನಿಂದ ಪರೀಕ್ಷಿಸಬಾರದು. ಮುಂಗೈಯ ಒಂದೆರಡು ಕೂದಲು ಸರಾಗವಾಗಿ ಬಂದರೆ ಕತ್ತಿ ಸಿದ್ಧವಾಯಿತು. ಚಿಕ್ಕ ಮಕ್ಕಳು ಸುತ್ತ ಓಡಾಡುವ ಹೊತ್ತಿನಲ್ಲಿ ಈ ಕೆಲಸವನ್ನು ಇಟ್ಟುಕೊಳ್ಳಬೇಡಿರಿ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ಕಲ್ಲನ್ನು ತೊಳೆಯಬಹುದು. ಚರ್ಮದ ಪಟ್ಟಿಯನ್ನು ಕುದಿಸಲು ಬರುವುದಿಲ್ಲ; ಕುದಿಸಿದರೆ ಅದು ಮುರುಟಿ ಹಾಳಾಗುತ್ತದೆ. ಕ್ಷೌರ ಮಾಡಿಕೊಂಡ ಕತ್ತಿಯ ಬಾಯಿಗೆ ಕಣ್ಣಿಗೆ ಕಾಣದಷ್ಟು ರಕ್ತ ಅಂಟಿರುತ್ತದೆ. ಆ ಕತ್ತಿ ಪಟ್ಟಿಯ ಮೇಲೆ ಹೋದಾಗ ರಕ್ತ ಪಟ್ಟಿಗೆ ಅಂಟುತ್ತದೆ; ನಾಳೆ ಇನ್ನೊಬ್ಬರ ಕತ್ತಿ ಅದೇ ಪಟ್ಟಿಯ ಮೇಲೆ ಬಂದಾಗ ಅದಕ್ಕೂ ಅಂಟುತ್ತದೆ. ಕತ್ತಿಯನ್ನು ಎಷ್ಟು ತೊಳೆದರೂ ಪಟ್ಟಿ ಹಾಗೆಯೇ ಉಳಿಯಿತು. ಹರಿತವಾದುದೆಲ್ಲ ಶುದ್ಧವಾದುದೆಂದು ನಾವು ಭಾವಿಸುತ್ತೇವೆ, ಏಕೆಂದರೆ ಮಸೆದ ಅಲಗು ಥಳಥಳಿಸುತ್ತದೆ. ಆ ಥಳಥಳಿಕೆಗೂ ನಂಜಿಗೂ ಸಂಬಂಧವೇ ಇಲ್ಲ. ಕತ್ತಿ, ಕಲ್ಲು, ಪಟ್ಟಿ ಈ ಮೂರೂ ಸೇರಿ ಒಬ್ಬನೇ ಮನುಷ್ಯನ ಸ್ವತ್ತಾಗಿರಬೇಕು. ಅಣ್ಣತಮ್ಮಂದಿರು, ತಂದೆಮಕ್ಕಳು, ಭಾವಮೈದುನರು ಯಾರೇ ಆದರೂ ಅವನ್ನು ಹಂಚಿಕೊಳ್ಳಕೂಡದು.

ಹಂಚಿಕೊಂಡರೆ ಏನಾಗುತ್ತದೆ? ಹೆಪಟೈಟಿಸ್ ಬಿ ಎಂಬ ಕಾಮಾಲೆಯ ವೈರಾಣು ಒಣಗಿದ ರಕ್ತದಲ್ಲಿ, ದೇಹದ ಹೊರಗೆ, ಕಡಿಮೆಯೆಂದರೆ ಏಳು ದಿನ ಜೀವಂತವಾಗಿರಬಲ್ಲದು. ಅಂದರೆ ಈ ಸೋಮವಾರ ಒಬ್ಬರು ಬಳಸಿದ ಕತ್ತಿ ಮುಂದಿನ ಭಾನುವಾರ ಇನ್ನೊಬ್ಬರಿಗೆ ರೋಗ ಅಂಟಿಸಬಹುದು. ಹೆಪಟೈಟಿಸ್ ಸಿ ಕೂಡ ರಕ್ತದಿಂದಲೇ ಹರಡುವ ರೋಗ. ಎಚ್.ಐ.ವಿ. ದೇಹದ ಹೊರಗೆ ಅಷ್ಟು ಕಾಲ ಬಾಳುವುದಿಲ್ಲವಾದರೂ, ಹಸಿ ರಕ್ತ ಅಂಟಿದ ಕತ್ತಿಯನ್ನು ಕೂಡಲೇ ಇನ್ನೊಬ್ಬರು ಬಳಸುವುದು ಸಲ್ಲದು. ಈ ರೋಗಗಳಿರುವವರ ಜೊತೆ ಕೂತು ಉಣ್ಣುವುದರಿಂದ, ಮುಟ್ಟುವುದರಿಂದ ಏನೂ ಅಂಟುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅಂಥವರನ್ನು ದೂರ ಇಡಬೇಡಿರಿ, ಕತ್ತಿಯನ್ನು ಮಾತ್ರ ಬೇರೆ ಇಡಿರಿ.

ಗಂಡನಿಗೆ ಅಂಟಿದ ಹೆಪಟೈಟಿಸ್ ಬಿ ದಾಂಪತ್ಯ ಸಂಬಂಧದಿಂದ ಹೆಂಡತಿಗೆ ಬರಬಹುದು. ಹೆಂಡತಿಯಿಂದ ಹೆರಿಗೆಯ ಸಮಯದಲ್ಲಿ ಕೂಸಿಗೆ ಬರಬಹುದು. ಪ್ರಾಯದವರಿಗೆ ಈ ರೋಗ ಅಂಟಿದರೆ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಮಂದಿ ತಾವಾಗಿಯೇ ಗುಣವಾಗುತ್ತಾರೆ. ಹುಟ್ಟುವಾಗಲೇ ಅಂಟಿದ ಕೂಸುಗಳಲ್ಲಿ ಲೆಕ್ಕ ತಲೆಕೆಳಗಾಗುತ್ತದೆ: ಸುಮಾರು ನೂರಕ್ಕೆ ತೊಂಬತ್ತು ಕೂಸುಗಳಲ್ಲಿ ಅದು ಜೀವಮಾನವಿಡೀ ಉಳಿದು, ಮುಂದೆ ಯಕೃತ್ತು ಗಟ್ಟಿಯಾಗುವ ರೋಗಕ್ಕೋ ಯಕೃತ್ತಿನ ಕ್ಯಾನ್ಸರಿಗೋ ದಾರಿಯಾಗಬಹುದು. ತಂದೆಯ ಗಲ್ಲದ ಮೇಲಿನ ಒಂದು ಗೀರು ಮಗನ ನಡುವಯಸ್ಸಿನ ರೋಗವಾಗುವುದು ಹೀಗೆ.

ರೇಷ್ಮೆ ಬೆಳೆಗಾರರಿಗೆ ಇದನ್ನು ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಹುಳುವಿನ ಗಂಟುರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ಇಳಿಯುತ್ತದೆಂಬುದನ್ನು ನೀವು ಬಲ್ಲಿರಿ. ಫ್ರಾನ್ಸ್ ದೇಶದ ಲೂಯಿ ಪಾಸ್ತರ್ ಅವರು 1865ರಿಂದ 1870ರವರೆಗೆ ರೇಷ್ಮೆಹುಳುವಿನ ರೋಗಗಳನ್ನು ಅಭ್ಯಾಸ ಮಾಡಿ, ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿದ್ದರೆ ಅದರ ಮೊಟ್ಟೆಗಳನ್ನು ನಾಶಪಡಿಸುವ ಕ್ರಮವನ್ನು ತೋರಿಸಿಕೊಟ್ಟರು. ಇಂದಿಗೂ ರೋಗರಹಿತ ಮೊಟ್ಟೆಯ ತಯಾರಿಕೆಗೆ ತಾಯಿ ಚಿಟ್ಟೆಯ ಪರೀಕ್ಷೆಯೇ ಆಧಾರ. ಹುಳು ಮನೆಗೆ ಹೊರಗಿನವರು ಬಂದರೆ ಕಾಲಿಗೆ ಔಷಧಿ ನೀರು ಹಾಕದೆ ನೀವು ಒಳಗೆ ಬಿಡುವುದಿಲ್ಲ. ಬೆಳೆ ಎದ್ದ ಮೇಲೆ ತಟ್ಟೆ, ಚಂದ್ರಿಕೆ, ಗೋಡೆಗಳಿಗೆಲ್ಲ ಸೋಂಕುನಿವಾರಕ ಸಿಂಪಡಿಸುತ್ತೀರಿ. ಹುಳುವಿನ ವಿಷಯದಲ್ಲಿ ಇಷ್ಟು ನಿಷ್ಠೆಯಿರುವ ಅದೇ ಮನೆಯಲ್ಲಿ ನಾಲ್ಕು ಗಂಡಸರಿಗೆ ಒಂದೇ ಕತ್ತಿ ಗೂಟದಲ್ಲಿ ನೇತಾಡುತ್ತಿರುತ್ತದೆ!

ಮನುಷ್ಯರ ವಿಷಯದಲ್ಲಿ ತಾಯಿಯನ್ನು ಪರೀಕ್ಷಿಸುವುದು ಮಗುವನ್ನು ಉಳಿಸುವುದಕ್ಕಾಗಿ. 2018ರಲ್ಲಿ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಆರಂಭವಾದಂದಿನಿಂದ ಗರ್ಭಿಣಿಯರ ರಕ್ತವನ್ನು ಈ ರೋಗಕ್ಕಾಗಿ ಪರೀಕ್ಷಿಸುವ ಏರ್ಪಾಡಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಹಣ ಕೊಡಬೇಕಾಗಿಲ್ಲ. ಹುಟ್ಟಿದ ಇಪ್ಪತ್ತನಾಲ್ಕು ಗಂಟೆಗಳೊಳಗೆ ಕೂಸಿಗೆ ಹೆಪಟೈಟಿಸ್ ಬಿ ಲಸಿಕೆಯ ಮೊದಲ ಚುಚ್ಚುಮದ್ದು ಕೊಡಿಸಬೇಕು. ಆ ಇಪ್ಪತ್ತನಾಲ್ಕು ಗಂಟೆ ತಪ್ಪಬಾರದು. ತಾಯಿಗೆ ರೋಗವಿದೆಯೆಂದು ಮೊದಲೇ ತಿಳಿದಿದ್ದರೆ ವೈದ್ಯರು ಕೂಸಿಗೆ ಇನ್ನೊಂದು ರಕ್ಷಣೆಯ ಚುಚ್ಚುಮದ್ದನ್ನೂ ಸೇರಿಸುತ್ತಾರೆ. ಬಳಿಕ ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಕೊಡುವ ಲಸಿಕೆಯಲ್ಲಿಯೂ ಈ ಔಷಧಿ ಸೇರಿರುತ್ತದೆ.

ಕ್ಷೌರದ ಕತ್ತಿಗೂ ಹೆರಿಗೆಯ ಕೋಣೆಗೂ ಹಳೆಯ ನಂಟು ಇನ್ನೊಂದಿದೆ. ದಕ್ಷಿಣದ ಅನೇಕ ಊರುಗಳಲ್ಲಿ ಕ್ಷೌರಿಕ ವೃತ್ತಿಯ ಮನೆತನದ ಹೆಂಗಸರೇ ಸೂಲಗಿತ್ತಿಯರಾಗಿದ್ದರು. ಊರಿನಲ್ಲಿ ಅತಿ ಹರಿತವಾದ ಅಲಗು ಇದ್ದುದು ಆ ಮನೆಯಲ್ಲಿ. ಹೊಕ್ಕಳಬಳ್ಳಿ ಕೊಯ್ಯಲು ಅದೇ ಬರುತ್ತಿತ್ತು, ಇಲ್ಲವೆ ಹಿತ್ತಿಲಿನ ಕುಡುಗೋಲು ಬರುತ್ತಿತ್ತು. ಆ ತಾಯಂದಿರ ಕೈಗುಣವನ್ನು ಹೀನಾಯ ಮಾಡುವುದು ನನ್ನ ಉದ್ದೇಶವಲ್ಲ. ನಮ್ಮ ನೆರೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದದ್ದು ನಮಗೆಲ್ಲ ಹೆಮ್ಮೆಯ ಸಂಗತಿ. ತೊಡಕು ಇದ್ದುದು ಅಲಗಿನಲ್ಲಿ. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿ, ದನದ ಸಗಣಿಯಲ್ಲಿ ಬೀಜರೂಪದಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಕೊಟ್ಟಿಗೆಯ ಕುಡುಗೋಲು ಮಸೆದ ಕಲ್ಲಿನ ಮೇಲೆ ಅದು ಇದ್ದೇ ಇರುತ್ತದೆಂದು ಭಾವಿಸಬೇಕು. ಅದೇ ಕಲ್ಲಿನ ಮೇಲೆ ಮಸೆದ ಕತ್ತಿಯಿಂದ ಬಳ್ಳಿ ಕೊಯ್ದಾಗ ಬೀಜವನ್ನು ಗಾಯದಲ್ಲಿ ಬಿತ್ತಿದಂತಾಗುತ್ತಿತ್ತು. ಎರಡು ದಿನ ಚೆನ್ನಾಗಿ ಮೊಲೆಯುಂಡ ಕೂಸು ಮೂರನೆಯ ದಿನದ ಮೇಲೆ ಬಾಯಿ ತೆರೆಯಲಾರದೆ, ಮೈ ಬಿಲ್ಲಿನಂತೆ ಸೆಟೆದು ತೀರಿಕೊಳ್ಳುತ್ತಿತ್ತು. ಗ್ರಹ ಬಡಿಯಿತು ಎಂದು ಜನ ಅಳುತ್ತಿದ್ದರು.

ಬೀಜರೂಪದ ಆ ರೋಗಾಣು ಕುದಿಯುವ ನೀರನ್ನು ಕೂಡ ಸ್ವಲ್ಪ ಹೊತ್ತು ತಡೆದುಕೊಳ್ಳಬಲ್ಲದು. ಆದುದರಿಂದ ಮನೆಯ ಕತ್ತಿಯನ್ನು ಕುದಿಸಿದ್ದೇವೆ, ಇನ್ನು ಭಯವಿಲ್ಲ ಎನ್ನುವ ಧೈರ್ಯವೂ ಸಲ್ಲದು. ಗರ್ಭಿಣಿಗೆ ಟಿ.ಡಿ. ಚುಚ್ಚುಮದ್ದು, ಆಸ್ಪತ್ರೆಯ ಹೆರಿಗೆ, ಶುದ್ಧವಾದ ಹೊಸ ಅಲಗು ಇವು ಊರೂರಿಗೆ ತಲುಪಿದ ಮೇಲೆ ಸ್ಥಿತಿ ಬದಲಾಯಿತು. ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯು ಭಾರತದಲ್ಲಿ ನಿವಾರಣೆಯ ಮಟ್ಟಕ್ಕೆ ಇಳಿದಿದೆಯೆಂದು 2015ರಲ್ಲಿ ದೃಢಪಟ್ಟಿತು. ರೋಗ ಅಳಿದಿದೆಯೆಂದು ಇದರ ಅರ್ಥವಲ್ಲ. ಮಣ್ಣು ಅದೇ ಮಣ್ಣು, ಸಗಣಿ ಅದೇ ಸಗಣಿ.

ಆಸ್ಪತ್ರೆಗೆ ಹೊರಡುವ ಮೊದಲೇ, ಅಥವಾ ದಾರಿಯಲ್ಲೇ ಹೆರಿಗೆಯಾಗಿಬಿಟ್ಟರೆ ಬಳ್ಳಿ ಕೊಯ್ಯಲು ಅವಸರಪಡಬೇಡಿರಿ. ಕೂಸನ್ನು ಒಣಬಟ್ಟೆಯಿಂದ ಒರೆಸಿ, ತಾಯಿಯ ಹೊಟ್ಟೆಯ ಮೇಲೆ ಮಲಗಿಸಿ, ಇಬ್ಬರಿಗೂ ಬೆಚ್ಚಗೆ ಹೊದಿಸಿ 108ಕ್ಕೆ ಕರೆ ಮಾಡಿರಿ. ಬಳ್ಳಿಯನ್ನು ಕೊಯ್ಯದೆ ಕೆಲಹೊತ್ತು ಬಿಟ್ಟರೆ ಕೂಸಿಗೆ ಕೇಡಿಲ್ಲ; ತಾತನ ಕತ್ತಿಯಿಂದ ಕೊಯ್ದರೆ ಕೇಡಿದೆ. ಹೊಕ್ಕಳಿಗೆ ಬೂದಿ, ಸಗಣಿ, ಅರಿಶಿನ, ಎಣ್ಣೆ ಯಾವುದನ್ನೂ ಹಚ್ಚಬೇಡಿರಿ.

ಹೆರಿಗೆಗೋ ಸಂತಾನ ನಿಯಂತ್ರಣ ಶಸ್ತ್ರಚಿಕಿತ್ಸೆಗೋ ಹೋಗುವ ಮುನ್ನ ಮನೆಯಲ್ಲಿಯೇ ಕೂದಲು ಬೋಳಿಸಿಕೊಂಡು ಬರುವವರಿದ್ದಾರೆ, ಸಂಕೋಚದಿಂದ. ಹಿಂದೆ ಆಸ್ಪತ್ರೆಗಳಲ್ಲಿಯೂ ಹಾಗೆ ಮಾಡುತ್ತಿದ್ದರು. ಕತ್ತಿಯ ಸೂಕ್ಷ್ಮ ಗೀರುಗಳಿಂದಲೇ ನಂಜು ಹೆಚ್ಚಬಹುದೆಂದು ಈಗ ತಿಳಿದುಬಂದಿದೆ. ಅಗತ್ಯವಿದ್ದರೆ ಅಲ್ಲಿಯೇ ಕತ್ತರಿಸುತ್ತಾರೆ. ಗಂಡನ ಕತ್ತಿಯನ್ನು ಹೆಂಡತಿ ಈ ಕೆಲಸಕ್ಕೆ ಬಳಸುವುದಂತೂ ಇಬ್ಬರಿಗೂ ಕ್ಷೇಮವಲ್ಲ.

ಸವಿತಾ ಸಮಾಜದ ಬಂಧುಗಳೂ ಈ ಸಭೆಯಲ್ಲಿದ್ದೀರಿ. ನಿಮ್ಮಲ್ಲಿ ಬಹುಮಂದಿ ಹಳೆಯ ಕತ್ತಿಯನ್ನು ಹಡಪದಲ್ಲಿಯೇ ಬಿಟ್ಟು, ಅರ್ಧ ಬ್ಲೇಡು ಸಿಕ್ಕಿಸುವ ಹಿಡಿಯನ್ನು ಬಳಸುತ್ತಿದ್ದೀರಿ. ಇದರಿಂದ ನಿಮಗೂ ಕ್ಷೇಮ, ಗಿರಾಕಿಗೂ ಕ್ಷೇಮ. ಬ್ಲೇಡನ್ನು ಗಿರಾಕಿಯ ಕಣ್ಣೆದುರಿಗೇ ಮುರಿದು ಸಿಕ್ಕಿಸಿರಿ. ಗಿರಾಕಿಗಳು ಕೇಳಿದರೆ ಅವಮಾನವೆಂದು ಎಣಿಸಬೇಡಿರಿ, ಕೇಳುವವರೂ ಮರ್ಯಾದೆಯಿಂದ ಕೇಳಿರಿ. ಬ್ಲೇಡು ಬದಲಾದರೂ ಆಲಂ ಗಡ್ಡೆ ಒಂದೇ ಆಗಿದ್ದರೆ ಪ್ರಯೋಜನವೇನು? ರಕ್ತ ಬಂದ ಜಾಗಕ್ಕೇ ಅದನ್ನು ಉಜ್ಜುವುದಲ್ಲವೇ! ಮನೆಯಿಂದ ಸಣ್ಣ ಚೂರೊಂದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗುವುದು ಉತ್ತಮ.

ಶಿಡ್ಲಘಟ್ಟದ ಆ ದಂಪತಿಗಳಿಗೆ ಹೇಳಬೇಕಾದುದು ಈಗ ಸುಲಭ. ಅಯ್ಯಾ, ನಿಮ್ಮ ತಾತನ ಕತ್ತಿಗೆ ಎರಡು ಮುಖದ ನಯವಾದ ಕಲ್ಲೊಂದು, ಚರ್ಮದ ಪಟ್ಟಿಯೊಂದು ತನ್ನಿರಿ. ಕುಡುಗೋಲಿನ ಕಲ್ಲು ಕೊಟ್ಟಿಗೆಯಲ್ಲೇ ಇರಲಿ. ಕ್ಷೌರವಾದ ಮೇಲೆ ಕತ್ತಿಯನ್ನು ಸಾಬೂನು ನೀರಿನಿಂದ ತೊಳೆದು ಚೆನ್ನಾಗಿ ಒರೆಸಿ ಒಣಗಿಸಿರಿ. ನಮ್ಮ ಕೊಳವೆಬಾವಿಯ ನೀರಿನ ಉಪ್ಪು ಅಲಗಿನ ಮೇಲೆ ಬಿಳಿ ಕಲೆ ಕಟ್ಟುತ್ತದೆ. ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳುವಾಗಿ ಸವರಿ, ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು, ಮಕ್ಕಳ ಕೈಗೆ ಎಟುಕದ ಅಟ್ಟದ ಮೇಲೆ ಇಡಿರಿ. ಬೆರಳು ಕೊಯ್ದರೆ ಸಾಬೂನಿನಿಂದ ತೊಳೆದು, ಆರೋಗ್ಯ ಕೇಂದ್ರದಲ್ಲಿ ಟಿ.ಡಿ. ಚುಚ್ಚುಮದ್ದಿನ ಅಗತ್ಯವಿದೆಯೇ ಎಂದು ಕೇಳಿರಿ.

ತಾಯೀ, ನಿಮ್ಮ ಮಗುವಿನ ಮುಡಿಗೆ ಈ ಕತ್ತಿ ಬೇಡ. ತಿರುಪತಿಗೆ ಹೋಗಿ, ಮನೆದೇವರಿಗೆ ಹೋಗಿ, ಮುಡಿ ತೆಗೆಯುವವರ ಮುಂದೆ ಮಗುವನ್ನು ಕೂರಿಸುವ ಮೊದಲು ಹೊಸ ಬ್ಲೇಡು ಹಾಕಿದ್ದನ್ನು ಕಣ್ಣಾರೆ ನೋಡಿರಿ. ಸೆರಗಿನ ಗಂಟಿನಲ್ಲಿ ಕಾಗದ ಬಿಚ್ಚದ ಹೊಸ ಬ್ಲೇಡೊಂದನ್ನು ನೀವೇ ಕಟ್ಟಿಕೊಂಡು ಹೋದರೆ ಇನ್ನೂ ನಿಶ್ಚಿಂತೆ. ತಲೆಗೆ ಎಲ್ಲಿಯಾದರೂ ಗೀರು ಬಿದ್ದಿದ್ದರೆ ಅಷ್ಟು ಜಾಗ ಬಿಟ್ಟು, ತೊಳೆದ ಕಲ್ಲಿನಲ್ಲಿ ತೇಯ್ದ ಗಂಧವನ್ನು ಉಳಿದ ಕಡೆ ಹಚ್ಚಿರಿ. ನಿಮ್ಮ ತಿಂಗಳು ತುಂಬುತ್ತ ಬಂದಿದೆ. ಪ್ರಯಾಣವನ್ನು ಬಾಣಂತನ ಮುಗಿಯುವವರೆಗೆ ಮುಂದೂಡಿದರೆ ದೇವರು ಬೇಸರಿಸಿಕೊಳ್ಳುವುದಿಲ್ಲ. ನಿಮ್ಮ ತಾಯಿ ಕಾರ್ಡಿನಲ್ಲಿ ರಕ್ತಪರೀಕ್ಷೆಯ ಫಲ ಬರೆದಿದೆಯೇ ಎಂಬುದನ್ನು ಈ ವಾರವೇ ನಿಮ್ಮ ಊರಿನ ಆಶಾ ಕಾರ್ಯಕರ್ತೆಯ ಬಳಿ ಓದಿಸಿಕೊಳ್ಳಿರಿ.